ಮೊದಲ ಸೌದೆ ಒಲೆ: ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಯಾವುದು ಸರಿ?

ಮನೆಯಲ್ಲಿ ಗ್ಯಾಸ್ ಇದ್ದರೂ ಒಂದು ಸೌದೆ ಒಲೆ ಬೇಕು ಎನ್ನುವವರು ಮಂಡ್ಯ, ಮೈಸೂರು ಕಡೆ ತುಂಬಾ ಜನ ಇದ್ದಾರೆ. ತೋಟದಲ್ಲಿ ಪುಟ್ಟ ಮನೆ ಕಟ್ಟಿಕೊಂಡವರು, ಮದುವೆಯಾಗಿ ಬೇರೆ ಸಂಸಾರ ಹೂಡಿದವರು, ಇಲವಾಲದ ಆಚೆ ಸೈಟಿನಲ್ಲಿ ಶೀಟಿನ ಮನೆ ಹಾಕಿಕೊಂಡವರು. ಇವರಲ್ಲಿ ಅನೇಕರು ಸ್ವಂತಕ್ಕೆ ಸೌದೆ ಒಲೆ ಇಟ್ಟುಕೊಳ್ಳುತ್ತಿರುವುದು ಇದೇ ಮೊದಲು. ಅವ್ವನ ಮನೆಯಲ್ಲಿ ಒಲೆ ಇತ್ತು, ಉರಿ ಹಾಕಿ ಗೊತ್ತು. ಆದರೆ ಕೊಳ್ಳುವ, ಕಟ್ಟಿಸುವ ತೀರ್ಮಾನ ಯಾವತ್ತೂ ಮಾಡಿಲ್ಲ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ಮಣ್ಣಿನ ಒಲೆ ಹಾಕಿಸೋದಾ, ಅಂಗಡಿಯ ಸ್ಟೀಲ್ ಒಲೆ ತರೋದಾ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸೋದಾ? ಕೈಯಲ್ಲಿರುವುದು ಎರಡು ಮೂರು ಸಾವಿರ, ಅಷ್ಟೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಲೆ ಮನೆಯೊಳಗೇ ಉರಿಯಬೇಕು ಎಂದಾದರೆ, ಇರುವ ದುಡ್ಡನ್ನು ಮೊದಲು ಹೊಗೆ ಹೊರಗೆ ಹೋಗುವ ದಾರಿಗೆ ಹಾಕಿ. ಒಲೆಯ ಮೈ ಮಣ್ಣಿನದಾದರೂ ನಡೆಯುತ್ತದೆ. ಒಲೆ ಹೊರಗೆ, ಜಗಲಿಯ ಪಕ್ಕವೋ ಹಿತ್ತಲಲ್ಲೋ ಉರಿಯುತ್ತದೆ ಎಂದಾದರೆ ಆಗ ಲೆಕ್ಕ ಬೇರೆ. ಯಾಕೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಹಿತ್ತಲು ನೋಡಿ

ನಿಮಗೆ ಯಾವ ಸೌದೆ ಸಿಗುತ್ತದೆ ಎಂದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಬಹಳ ಜನ ಒಲೆ ತಂದಮೇಲೆ ಸೌದೆ ಹುಡುಕುತ್ತಾರೆ. ಅದು ತಿರುವುಮುರುವು.

ಮಳವಳ್ಳಿ, ಮದ್ದೂರು, ಕೆ.ಆರ್. ಪೇಟೆ ಕಡೆ ರೇಷ್ಮೆ ಸಾಕುವವರ ಮನೆ ಹಿಂದೆ ಹಿಪ್ಪುನೇರಳೆ ಕಡ್ಡಿಯ ರಾಶಿ ಇರುತ್ತದೆ. ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ಅದು. ಬೆರಳು ದಪ್ಪ, ನೇರ, ಬೇಗ ಒಣಗುತ್ತದೆ. ಸಣ್ಣ ಬಾಯಿಯ ಒಲೆಗೆ ಇದಕ್ಕಿಂತ ಒಳ್ಳೆಯ ಸೌದೆ ನಮ್ಮ ಕಡೆ ಇಲ್ಲ ಎಂದೇ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ರೇಷ್ಮೆ ಇಲ್ಲದಿದ್ದರೂ ಪಕ್ಕದವರನ್ನು ಕೇಳಿದರೆ ಕೊಡುತ್ತಾರೆ.

ತೆಂಗಿನ ತೋಟ ಇದ್ದವರದು ಬೇರೆ ಕಥೆ. ಗರಿ ಭರ್ರನೆ ಉರಿದು ಮುಗಿಯುತ್ತದೆ. ಮಟ್ಟೆ ಒಣಗಿಲ್ಲದಿದ್ದರೆ ಬರೀ ಹೊಗೆ. ಚಿಪ್ಪು ಮಾತ್ರ ಜೋರಾಗಿ ಉರಿದು ಒಳ್ಳೆ ಕೆಂಡ ಬಿಡುತ್ತದೆ. ಈ ಮೂರನ್ನೂ ಉರಿಸಬೇಕು ಎಂದರೆ ಅಗಲ ಬಾಯಿಯ ಒಲೆ ಬೇಕು. ಅಂಗಡಿಯ ಸಣ್ಣ ಸ್ಟೀಲ್ ಒಲೆಯ ಬಾಯಿಗೆ ಮಟ್ಟೆ ತುರುಕಿದರೆ ಗಾಳಿಯ ದಾರಿ ಮುಚ್ಚಿ ಹೊಗೆ ಏಳುತ್ತದೆ. ಕೊನೆಗೆ ಜನ ಒಲೆಯನ್ನು ಬೈಯುತ್ತಾರೆ.

ಕಬ್ಬಿನ ತರಗು ಮಂಡ್ಯದಲ್ಲಿ ಎಲ್ಲಿ ನೋಡಿದರೂ ಇದೆ, ನಿಜ. ಆದರೆ ಅಡುಗೆ ಒಲೆಗೆ ಅದನ್ನು ನಂಬಬೇಡಿ. ಕ್ಷಣದಲ್ಲಿ ಹತ್ತಿ ಕ್ಷಣದಲ್ಲಿ ಮುಗಿಯುತ್ತದೆ, ಕಿಡಿ ಹಾರುತ್ತದೆ, ಪಕ್ಕದಲ್ಲೇ ಒಬ್ಬರು ಕೂತು ತುಂಬುತ್ತಲೇ ಇರಬೇಕು. ಅದು ಗದ್ದೆಯಲ್ಲೇ ಹೊದಿಕೆಯಾಗಿ ಬಿದ್ದಿದ್ದರೆ ಮಣ್ಣಿಗಾದರೂ ಒಳ್ಳೆಯದು.

ಹುಣಸೂರು, ಪಿರಿಯಾಪಟ್ಟಣದವರಿಗೆ ಇನ್ನೊಂದು ಮಾತು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೂ ಸೌದೆ ಬೇಕು. ಆ ಹಂಗಾಮಿನಲ್ಲಿ ಸೌದೆ ಕೇಳುವವರು ಜಾಸ್ತಿ. ಬೇಸಿಗೆಯಲ್ಲೇ ಕೂಡಿಟ್ಟುಕೊಳ್ಳಿ.

ಯಾವ ಸೌದೆಯೇ ಆಗಲಿ, ಒಣಗಿರಬೇಕು. ಈಗ ತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡಿ ಓಡಿಸಲು ನಿಮ್ಮ ಉರಿ ಖರ್ಚಾಗುತ್ತದೆ, ಪಾತ್ರೆಗೆ ಹೋಗಬೇಕಾದ ಬಿಸಿ ಹೊಗೆಯಾಗಿ ಹೋಗುತ್ತದೆ. ಮಳೆ ಬೀಳದ ಕಡೆ, ನೆಲಕ್ಕೆ ತಾಗದಂತೆ, ಸೀಳಿ ಒಟ್ಟಿಟ್ಟ ಸೌದೆ ಕೆಲವು ತಿಂಗಳಲ್ಲಿ ಹದಕ್ಕೆ ಬರುತ್ತದೆ. ಹಸಿ ಸೌದೆ ಹಾಕಿದರೆ ಎಂಥ ದುಬಾರಿ ಒಲೆಯೂ ಹೊಗೆ ಕಾರುತ್ತದೆ. ಸೌದೆ ಒಟ್ಟಲು ಒಂದು ಮಾಡು ಇಲ್ಲದಿದ್ದರೆ, ಒಲೆಗೆ ಎತ್ತಿಟ್ಟ ದುಡ್ಡಿನಲ್ಲೇ ಸ್ವಲ್ಪ ತೆಗೆದು ಎರಡು ಶೀಟು ಹಾಕಿಸಿ.

ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು, ಪ್ಲಾಸ್ಟಿಕ್ ಇವನ್ನು ಅಡುಗೆ ಒಲೆಗೆ ಹಾಕಲೇಬೇಡಿ. ಕಣಗಿಲೆ ಕಡ್ಡಿಯೂ ಬೇಡ, ಅದರ ಹೊಗೆಯೂ ವಿಷ.

ಸೌದೆ ಕೊಳ್ಳುವವರು ಈ ಲೆಕ್ಕ ಮಾಡಿ

ಸೌದೆ ಪುಕ್ಕಟೆ ಸಿಗುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಆದರೆ ಮೈಸೂರಿನ ಒಳಗೋ ಅಂಚಿನಲ್ಲೋ ಇದ್ದು, ಡಿಪೋದಿಂದ ಸೌದೆ ತಂದು ಗ್ಯಾಸ್ ದುಡ್ಡು ಉಳಿಸುತ್ತೇನೆ ಎನ್ನುವವರು ಸ್ವಲ್ಪ ನಿಲ್ಲಿ.

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಗ್ಯಾಸ್ ಒಲೆ ತನ್ನ ಬಿಸಿಯಲ್ಲಿ ಸುಮಾರು ಶೇ 60ರಷ್ಟನ್ನು ಪಾತ್ರೆಗೆ ಮುಟ್ಟಿಸುತ್ತದೆ. ಮೂರು ಕಲ್ಲಿನ ಒಲೆ, ಹಳೆಯ ಮಾದರಿಯ ಮಣ್ಣಿನ ಒಲೆ ಮುಟ್ಟಿಸುವುದು ಶೇ 10ರಿಂದ 15. ಒಳ್ಳೆಯ ಸೌದೆ ಒಲೆ ಶೇ 25 ಮುಟ್ಟಿಸಬಲ್ಲದು. ಒಣ ಸೌದೆಯ ಕೆಜಿಯೊಂದರಲ್ಲಿ ಇರುವ ಬಿಸಿ, ಒಂದು ಕೆಜಿ ಗ್ಯಾಸಿನದರ ಮೂರನೇ ಒಂದು ಭಾಗದಷ್ಟು. ಇದನ್ನೆಲ್ಲ ಕೂಡಿ ಕಳೆದರೆ, ಒಂದು ಸಿಲಿಂಡರಿನ ಕೆಲಸಕ್ಕೆ, ಶೇ 15 ಮುಟ್ಟಿಸುತ್ತದೆ ಎಂದುಕೊಂಡರೂ, ಹಳೆ ಒಲೆಯಲ್ಲಿ ಹತ್ತಿರ ಹತ್ತಿರ 170 ಕೆಜಿ ಸೌದೆ ಬೇಕು. ಒಳ್ಳೆ ಒಲೆಯಲ್ಲಿ ಸುಮಾರು 100 ಕೆಜಿ.

ಈಗ ನಿಮ್ಮ ಡಿಪೋದ ಬೆಲೆ ಹಾಕಿ ಗುಣಿಸಿ. ಕೆಜಿಗೆ 8 ರೂಪಾಯಿ ಎಂದುಕೊಂಡರೆ ಹಳೆ ಒಲೆಯಲ್ಲಿ 1,360 ರೂಪಾಯಿ, ಒಳ್ಳೆ ಒಲೆಯಲ್ಲಿ 800 ರೂಪಾಯಿ. ಇದನ್ನು ನೀವು ಸಿಲಿಂಡರಿಗೆ ಕೊಡುವ ಬೆಲೆಯ ಪಕ್ಕ ಇಟ್ಟು ನೋಡಿ. ಸೌದೆ ಪೂರ್ತಿ ಕೊಂಡೇ ಉರಿಸುವವರಿಗೆ ಉಳಿತಾಯ ತೀರಾ ಕಡಿಮೆ. ಸಿಲಿಂಡರಿಗೆ ಸಹಾಯಧನ ಬರುತ್ತಿದ್ದರೆ ಉಳಿತಾಯವೇ ಇಲ್ಲದಿರಬಹುದು. ಅಂಥವರಿಗೆ ನಾನು ಹೇಳುವುದು ಇಷ್ಟೇ: ಅಡುಗೆ ಗ್ಯಾಸಿನಲ್ಲೇ ಇರಲಿ. ಸ್ನಾನದ ನೀರು, ಕಾಳು ಬೇಯಿಸುವುದು, ಹಬ್ಬದ ದೊಡ್ಡ ಅಡುಗೆ, ಇವಕ್ಕೆ ಮಾತ್ರ ಸೌದೆ ಒಲೆ ನೋಡಿ.

2016ರಲ್ಲಿ ಉಜ್ವಲ ಯೋಜನೆ ಬಂದಮೇಲೆ ಹಳ್ಳಿಯ ಲಕ್ಷಾಂತರ ಮನೆಗೆ ಗ್ಯಾಸ್ ಬಂತು. ಆದರೂ ಸೌದೆ ಒಲೆ ಹೋಗಲಿಲ್ಲ. ಬೆಳಗಿನ ಕಾಫಿ, ಅವಸರದ ಉಪ್ಪಿಟ್ಟು ಗ್ಯಾಸಿನಲ್ಲಿ, ಮುದ್ದೆ ಮತ್ತು ನೀರು ಒಲೆಯಲ್ಲಿ. ಎಷ್ಟೋ ಮನೆಯವರು ಕಂಡುಕೊಂಡ ದಾರಿ ಇದು. ಮೊದಲ ಸಲ ಒಲೆ ಇಟ್ಟುಕೊಳ್ಳುವವರು ಇದನ್ನೇ ಗುರಿಯಾಗಿ ಇಟ್ಟುಕೊಂಡರೆ ಸಣ್ಣ ಒಲೆ ಸಾಕಾಗುತ್ತದೆ, ಖರ್ಚೂ ಇಳಿಯುತ್ತದೆ.

ಮುದ್ದೆ ತೊಳಸಲು ಆಗುತ್ತದಾ?

ನಮ್ಮ ಕಡೆಯವರಿಗೆ ಇದು ದೊಡ್ಡ ಪ್ರಶ್ನೆ. ಒಲೆ ಮಾರುವವರು ಇದರ ಬಗ್ಗೆ ಮಾತೇ ಆಡುವುದಿಲ್ಲ. ಅಂಗಡಿಯ ಒಲೆಗಳನ್ನು ಅನ್ನ, ಬೇಳೆ, ರೊಟ್ಟಿ ಮಾಡುವವರನ್ನು ನೆನೆದು ಮಾಡಿರುತ್ತಾರೆ. ಮುದ್ದೆಗೆ ಕೋಲು ಹಾಕಿ ಬಲವಾಗಿ ತೊಳಸಬೇಕು. ಆ ರಟ್ಟೆಯ ಬಲ ಪಾತ್ರೆಗೆ ಬೀಳುತ್ತದೆ, ಪಾತ್ರೆಯಿಂದ ಒಲೆಗೆ ಬೀಳುತ್ತದೆ. ನಾಲ್ಕೈದು ಕೆಜಿ ತೂಕದ ತಗಡಿನ ಒಲೆ ಆಗ ಅಲುಗಾಡುತ್ತದೆ. ಎಸರು ಕುದಿಯುತ್ತಿರುವಾಗ ಒಲೆ ಜಾರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನೆಲಕ್ಕೆ ಕಚ್ಚಿಕೊಂಡ ಮಣ್ಣಿನ ಒಲೆ, ಇಟ್ಟಿಗೆ ಒಲೆ ಈ ವಿಷಯದಲ್ಲಿ ಗಟ್ಟಿ. ಅಂಗಡಿಯ ಒಲೆಯೇ ಬೇಕು ಎಂದರೆ ಹಿಟ್ಟು ಬೆಂದಮೇಲೆ ಪಾತ್ರೆಯನ್ನು ಕೆಳಗಿಳಿಸಿ ಸಿಂಬಿ ಮೇಲೆ ಇಟ್ಟು, ಕವೆಗೋಲು ಒತ್ತಿ ಹಿಡಿದು ತೊಳಸಿ. ಹೇಗೂ ದೊಡ್ಡ ಸಂಸಾರದ ಮನೆಗಳಲ್ಲಿ ಹಾಗೇ ಮಾಡುತ್ತಿದ್ದರು. ಇಬ್ಬರು ಮೂವರ ಮುದ್ದೆಯಾದರೆ ಕಷ್ಟವಿಲ್ಲ.

ಇನ್ನೊಂದು, ಪಾತ್ರೆಯ ತಳ. ಸಣ್ಣ ಒಲೆಯ ಮೇಲಿನ ಆಸರೆಗಳು ಚಪ್ಪಟೆ ತಳಕ್ಕೆ ಸರಿಹೋಗುತ್ತವೆ. ಉರುಟು ತಳದ ಪಾತ್ರೆ ಕೂರುವುದು ಕಷ್ಟ. ಅಂಗಡಿಗೆ ಹೋಗುವಾಗ ನಿಮ್ಮ ಮುದ್ದೆ ಪಾತ್ರೆಯನ್ನೇ ತೆಗೆದುಕೊಂಡು ಹೋಗಿ. ನಾಚಿಕೆ ಬೇಡ. ಒಲೆ ಮೇಲೆ ಇಟ್ಟು, ಅರ್ಧ ನೀರು ತುಂಬಿ, ಕೈಯಿಂದ ಪಕ್ಕಕ್ಕೆ ತಳ್ಳಿ ನೋಡಿ.

ಹೊಗೆ ಎಲ್ಲಿಗೆ ಹೋಗುತ್ತದೆ?

ಬೆಲೆಗಿಂತ ಇದನ್ನು ಮುಂದೆ ಇಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಒಲೆ ಮುಂದೆ ದಿನಕ್ಕೆ ಎರಡು ಮೂರು ಗಂಟೆ ಕೂರುವವರು ಬಹುತೇಕ ಹೆಂಗಸರು. ಸೊಂಟದ ಮೇಲೆ, ಪಕ್ಕದಲ್ಲಿ ಮಗು. ಸೌದೆ ಹೊಗೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಕಣಗಳಿರುತ್ತವೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಅನಿಲ ಇರುತ್ತದೆ. ಕಣ್ಣುರಿ, ಕೆಮ್ಮು ಮೊದಲು ಕಾಣುತ್ತವೆ. ವರ್ಷಗಟ್ಟಲೆ ಕುಡಿದ ಹೊಗೆ ಶ್ವಾಸಕೋಶವನ್ನು ಹಾಳು ಮಾಡುತ್ತದೆ, ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯ ಹೆಚ್ಚಿಸುತ್ತದೆ. ಮೊದಲಿನಿಂದಲೂ ಹೀಗೇ ಅಡುಗೆ ಮಾಡಿಕೊಂಡು ಬಂದಿದ್ದೇವೆ ಎಂದು ಸುಮ್ನೆ ಇರಬೇಡಿ.

ಅಂಗಡಿಯ ಸುಧಾರಿತ ಒಲೆ ಹೊಗೆ ಕಡಿಮೆ ಮಾಡುತ್ತದೆ. ಇಲ್ಲವಾಗಿಸುವುದಿಲ್ಲ. ಉಳಿದ ಹೊಗೆ ನಿಮ್ಮ ಅಡುಗೆಮನೆಯಲ್ಲೇ ಇರುತ್ತದೆ. ಕೊಳವೆ ಇರುವ ಒಲೆ ಅದನ್ನು ಸೂರಿನ ಮೇಲಕ್ಕೆ ಸಾಗಿಸುತ್ತದೆ. ಹೊಗೆಗೂಡು, ಗವಾಕ್ಷಿ ಇರುವ ಹಳೆ ಹೆಂಚಿನ ಮನೆಯಲ್ಲಿ ಸ್ವಲ್ಪ ಹೊಗೆಯಾದರೂ ತಾನಾಗಿ ಮೇಲೆ ಹೋಗುತ್ತಿತ್ತು. ಈಗಿನ ತಾರಸಿ ಮನೆಯಲ್ಲಿ ಹೋಗಲು ಜಾಗವೇ ಇಲ್ಲ. ಹಾಗಾಗಿ ತಾರಸಿ ಮನೆಯ ಒಳಗೆ ಕೊಳವೆ ಇಲ್ಲದ ಯಾವ ಸೌದೆ ಒಲೆಯೂ ಬೇಡ. ಹಿತ್ತಲಲ್ಲಿ ಮಾಡು ಹಾಕಿ ಅಲ್ಲಿಡಿ.

ಚಳಿಗಾಲದಲ್ಲಿ ಕೆಂಡ ತುಂಬಿದ ಒಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಅದು ಪ್ರಾಣಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ.

ಈಗ ಒಂದೊಂದೇ ಒಲೆ

ಮಣ್ಣಿನ ಒಲೆ. ಹುತ್ತದ ಮಣ್ಣು, ಸಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ ಕಟ್ಟುವುದು. ಊರಲ್ಲಿ ಕೈ ಪಳಗಿದ ಅಜ್ಜಿಯೊಬ್ಬರಾದರೂ ಇರುತ್ತಾರೆ. ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಯಾವ ಸೌದೆಯಾದರೂ ನಡೆಯುತ್ತದೆ, ಅಲ್ಲಾಡುವುದಿಲ್ಲ, ಕೋಡೊಲೆ ಇಟ್ಟರೆ ಪಕ್ಕದಲ್ಲಿ ಸಾರು ಬಿಸಿಯಾಗಿರುತ್ತದೆ. ಬಿರುಕು ಬಿಟ್ಟರೆ ನೀವೇ ಮೆತ್ತಿ ಸಾರಿಸಿಕೊಳ್ಳಬಹುದು. ದೋಷ ಎರಡು: ಸೌದೆ ಜಾಸ್ತಿ ತಿನ್ನುತ್ತದೆ, ಹೊಗೆ ಜಾಸ್ತಿ.

ಆದರೆ ಈ ಎರಡನ್ನೂ ಸ್ವಲ್ಪ ಖರ್ಚಿನಲ್ಲಿ ತಗ್ಗಿಸಬಹುದು. ಸೌದೆ ಬೂದಿಯ ಮೇಲೆ ಮಲಗಿದರೆ ಕೆಳಗಿನಿಂದ ಗಾಳಿ ಸಿಗುವುದಿಲ್ಲ. ಒಲೆಯೊಳಗೆ ಕಬ್ಬಿಣದ ಸರಳಿನ ಒಂದು ಜಾಲರಿ ಇಡಿ, ಅದರ ಕೆಳಗೆ ಎರಡು ಬೆರಳು ಜಾಗ ಬಿಡಿ. ಉರಿ ಬೇರೆಯೇ ಆಗುತ್ತದೆ, ಊದುಗೊಳವೆ ಹಿಡಿಯುವ ಕೆಲಸ ಕಡಿಮೆಯಾಗುತ್ತದೆ. ಗುಜರಿ ಅಂಗಡಿಯಲ್ಲಿ ಸರಳಿನ ಚೂರು ಸಿಗುತ್ತದೆ. ಹಾಗೆಯೇ ಪಾತ್ರೆ ಮತ್ತು ಒಲೆಯ ಅಂಚಿನ ನಡುವಿನ ಸಂದು ಬೆರಳು ಅಗಲಕ್ಕಿಂತ ಜಾಸ್ತಿ ಇರದಂತೆ ನೋಡಿಕೊಳ್ಳಿ. ದೊಡ್ಡ ಸಂದಿನಲ್ಲಿ ಬಿಸಿ ಪಕ್ಕಕ್ಕೆ ಹಾರಿಹೋಗುತ್ತದೆ.

ರಸ್ತೆ ಬದಿ ಮಾರುವ ಸಿಮೆಂಟ್ ಒಲೆ ಅಗ್ಗಕ್ಕೆ ಸಿಗುತ್ತದೆ, ನೋಡಲು ನೀಟಾಗಿದೆ. ನಾನು ಮಾತ್ರ ಅದನ್ನು ಹೇಳುವುದಿಲ್ಲ. ಸಾದಾ ಸಿಮೆಂಟು ಜೋರು ಉರಿಗೆ ಬಿರಿಯುತ್ತದೆ, ಮಣ್ಣಿನ ಹಾಗೆ ಮೆತ್ತಿ ಸರಿಮಾಡಲೂ ಆಗುವುದಿಲ್ಲ.

ಇಟ್ಟಿಗೆಯ ರಾಕೆಟ್ ಒಲೆ. 1980ರ ದಶಕದಲ್ಲಿ ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ ರೂಪಿಸಿದ ಮಾದರಿ ಇದು. ಈಗ ಲೋಕದ ಎಲ್ಲ ಕಡೆ ಬಡವರ ಒಲೆಯಾಗಿದೆ. ಒಳಗಿನ ದಾರಿ ಎಲ್ ಅಕ್ಷರದ ಆಕಾರ. ಅಡ್ಡ ದಾರಿಯಲ್ಲಿ ಸೌದೆ, ಅದರ ಕೆಳಗೆ ಗಾಳಿ, ನಿಂತ ದಾರಿಯಲ್ಲಿ ಉರಿ ಮೇಲೇರುತ್ತದೆ. ಹೊಗೆ ಆ ನಿಂತ ದಾರಿಯಲ್ಲೇ ಬಹುಮಟ್ಟಿಗೆ ಉರಿದುಹೋಗುತ್ತದೆ. ಅದಕ್ಕೇ ಸೌದೆ ಉಳಿಯುವುದು. ಹದಿನಾರರಿಂದ ಇಪ್ಪತ್ತು ಸುಟ್ಟ ಇಟ್ಟಿಗೆ, ಮಣ್ಣು ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಒಳ ದಾರಿ ನಾಲ್ಕು ಅಂಗುಲ ಚೌಕ, ನಿಂತ ದಾರಿ ಒಂದಡಿ ಎತ್ತರ ಇರಲಿ.

ಇದಕ್ಕೆ ಸಣ್ಣ ಒಣ ಸೌದೆಯೇ ಬೇಕು. ಹಿಪ್ಪುನೇರಳೆ ಕಡ್ಡಿ, ಸರ್ವೆ ಕಡ್ಡಿ, ಸಣ್ಣಗೆ ಸೀಳಿದ ಜಾಲಿ. ದಪ್ಪ ಕೊರಡು ಹಾಕಲು ಆಗುವುದಿಲ್ಲ. ಕಡ್ಡಿಯ ತುದಿ ಉರಿದಂತೆ ಒಳಕ್ಕೆ ತಳ್ಳುತ್ತಾ ಇರಬೇಕು, ಒಲೆ ಬಿಟ್ಟು ಬಹಳ ಹೊತ್ತು ಹೋಗಲಾಗದು. ಒಂದೇ ಪಾತ್ರೆ. ಕೊಳವೆ ಇಲ್ಲ, ಹಾಗಾಗಿ ಹೊರಗೆ ಇಡುವುದೇ ಸರಿ. ರೇಷ್ಮೆ ಕಡ್ಡಿ ಇದ್ದು, ಹಿತ್ತಲಲ್ಲಿ ಒಲೆ ಇಡುವವರಿಗೆ, ಕೈಯಲ್ಲಿ ಐನೂರು ರೂಪಾಯಿಯೂ ಇಲ್ಲ ಎನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ.

ವೆಲ್ಡಿಂಗ್ ಅಂಗಡಿಯ ಕಬ್ಬಿಣದ ಒಲೆ. ಹಳೆ ಡ್ರಮ್ಮೋ ದಪ್ಪ ತಗಡೋ ಕತ್ತರಿಸಿ ಮೂರು ಕಾಲು ಇಟ್ಟುಕೊಡುತ್ತಾರೆ. ಗಟ್ಟಿ, ಅಗಲ ಬಾಯಿ, ಮದುವೆ, ದೇವರ ಕೆಲಸದ ದೊಡ್ಡ ಪಾತ್ರೆಗೆ ಒಳ್ಳೆಯದು. ದಿನದ ಅಡುಗೆಗೆ ಅಲ್ಲ. ಒಂಟಿ ತಗಡಿನ ಮೈ ಬಿಸಿಯನ್ನೆಲ್ಲ ಹೊರಗೆ ಚೆಲ್ಲುತ್ತದೆ, ಮುಟ್ಟಿದರೆ ಸುಡುತ್ತದೆ, ಮಕ್ಕಳಿರುವ ಮನೆಗೆ ಭಯ. ಮಳೆಗೆ ತುಕ್ಕು. ಈಗಾಗಲೇ ಇದ್ದರೆ ಒಳಗೆ ಇಟ್ಟಿಗೆ, ಮಣ್ಣು ಮೆತ್ತಿಸಿ, ಜಾಲರಿ ಇಡಿ. ಹೊಸದಾಗಿ ಮಾಡಿಸಲು ಹೋಗಬೇಡಿ.

ಅಂಗಡಿಯ ಸ್ಟೀಲ್ ಒಲೆ. ಗ್ರೀನ್‌ವೇ, ಎನ್ವಿರೋಫಿಟ್ ಹೆಸರಿನ ಒಲೆಗಳು ಈ ಜಾತಿಯವು. ಇವುಗಳಲ್ಲಿ ಫ್ಯಾನ್ ಇಲ್ಲ, ಒಳಗಿನ ರಚನೆಯೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎತ್ತಿಕೊಂಡು ಹೋಗಬಹುದು, ಹೊರಗಿಟ್ಟು ಅಡುಗೆ ಮಾಡಿ ಒಳಗಿಡಬಹುದು. ಬಾಡಿಗೆ ಮನೆಯವರಿಗೆ ಇದೊಂದೇ ದಾರಿ ಎನ್ನಬಹುದು, ಯಾಕೆಂದರೆ ಮನೆ ಬಿಡುವಾಗ ಮಣ್ಣಿನ ಒಲೆ ಹೊತ್ತುಕೊಂಡು ಹೋಗಲಾಗದಲ್ವಾ?

ಕೊಳ್ಳುವಾಗ ಒಂದು ಗುರುತು ಹುಡುಕಿ. ಕೈಯಲ್ಲಿ ಎತ್ತಬಹುದಾದ ಸೌದೆ ಒಲೆಗಳಿಗೆ ನಮ್ಮ ದೇಶದಲ್ಲಿ ಐಎಸ್ 13152 ಎಂಬ ಮಾನದಂಡ ಇದೆ. 2013ರ ಆ ಮಾನದಂಡದ ಪ್ರಕಾರ ಫ್ಯಾನ್ ಇಲ್ಲದ ಒಲೆ ಕನಿಷ್ಠ ಶೇ 25ರಷ್ಟು ಬಿಸಿಯನ್ನು ಪಾತ್ರೆಗೆ ಮುಟ್ಟಿಸಬೇಕು, ಫ್ಯಾನ್ ಇರುವುದು ಶೇ 35. ಹೊಗೆಯ ಕಣಗಳಿಗೂ ಮಿತಿ ಇದೆ, ಫ್ಯಾನ್ ಒಲೆಗೆ ಆ ಮಿತಿ ಇನ್ನೂ ಬಿಗಿ. ಪೆಟ್ಟಿಗೆ ಮೇಲೆ ಆ ಸಂಖ್ಯೆ ಇಲ್ಲದೆ, "ಸೌದೆ ಅರ್ಧ ಉಳಿಯುತ್ತದೆ" ಎಂದು ಬಾಯಲ್ಲಿ ಹೇಳಿದರೆ ನಂಬಬೇಡಿ. ಆ ಶೇಕಡಾ ಲೆಕ್ಕ ಬಂದಿರುವುದೂ ಪ್ರಯೋಗಾಲಯದಲ್ಲಿ, ಒಣ ಸೌದೆಯನ್ನು ಒಂದೇ ಅಳತೆಗೆ ಕತ್ತರಿಸಿ ಉರಿಸಿದಾಗ. ನಿಮ್ಮ ಅಡುಗೆಮನೆಯಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ.

ಒಲೆಯ ಒಳಗೆ ಕೈ ಹಾಕಿ ನೋಡಿ. ಉರಿ ತಾಗುವ ಒಳ ಗೋಡೆಯ ಲೋಹ ತೆಳ್ಳಗಿದ್ದರೆ ಅಲ್ಲೇ ಮೊದಲು ಸುಟ್ಟು ತೂತಾಗುವುದು. ಜಾಲರಿ ಬಿಚ್ಚಿ ಬದಲಿಸಲು ಬರುತ್ತದಾ, ಬಿಡಿ ಭಾಗ ಸಿಗುತ್ತದಾ, ಗ್ಯಾರಂಟಿ ಬರಹದಲ್ಲಿ ಕೊಡುತ್ತಾರಾ ಕೇಳಿ. ಬಾಯಿಯ ಅಳತೆ ತಗೊಂಡು ನಿಮ್ಮ ಸೌದೆಯ ಜೊತೆ ಹೋಲಿಸಿ. ತೆಂಗಿನ ಮಟ್ಟೆಯವರು ಇಲ್ಲೇ ಹಿಂದೆ ಸರಿಯುವುದು ಒಳ್ಳೆಯದು.

ಫ್ಯಾನ್ ಒಲೆ. ಸಣ್ಣ ಫ್ಯಾನ್ ಗಾಳಿ ಊದುತ್ತದೆ, ಉರಿ ನೀಲಿ ಬಣ್ಣಕ್ಕೆ ತಿರುಗುವಷ್ಟು ಚೊಕ್ಕ. ಸೌದೆ ಒಲೆಗಳಲ್ಲಿ ಹೊಗೆ ಕಡಿಮೆ ಇರುವುದು ಇದರದೇ. ಬೆಲೆ ಜಾಸ್ತಿ, ಬ್ಯಾಟರಿ ಚಾರ್ಜ್ ಮಾಡಬೇಕು, ಸೌದೆಯನ್ನು ಸಣ್ಣ ಸಣ್ಣ ಚೂರು ಮಾಡಬೇಕು. ಕೆಲವು ಒಲೆ ಪೆಲೆಟ್, ಅಂದರೆ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ, ಮಾತ್ರ ಉರಿಸುತ್ತವೆ. ಪೆಲೆಟ್ ನಿಮ್ಮ ಊರಲ್ಲಿ ವರ್ಷವಿಡೀ ಒಂದೇ ಬೆಲೆಗೆ ಸಿಗುತ್ತದಾ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಸಿಗದಿದ್ದ ದಿನ ಆ ಒಲೆ ಮೂಲೆ ಸೇರುತ್ತದೆ. ದುಡ್ಡು ಕಮ್ಮಿ ಇರುವವರ ಮೊದಲ ಒಲೆ ಇದಲ್ಲ. ಮನೆಯಲ್ಲಿ ದಮ್ಮು ಇರುವವರಿದ್ದರೆ ಇದಕ್ಕಿಂತ ಗ್ಯಾಸೇ ವಾಸಿ.

ಹೊಟ್ಟಿನ ಒಲೆ. ತಗಡಿನ ಡಬ್ಬದೊಳಗೆ ನಡುವೆ ಒಂದು ಕೊಳವೆಯೋ ಬಾಟಲಿಯೋ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ನಡುವಿನದನ್ನು ಎಳೆದುಕೊಂಡರೆ ಒಲೆ ತಯಾರು. ಸಾಮಿಲ್ ಹತ್ತಿರ ಇರುವವರಿಗೆ ಹೊಟ್ಟು ಅಗ್ಗ. ಒಮ್ಮೆ ಹತ್ತಿಸಿದರೆ ಗಂಟೆಗಟ್ಟಲೆ ತಾನಾಗಿ ಉರಿಯುತ್ತದೆ, ಯಾರೂ ಕಾಯಬೇಕಿಲ್ಲ. ಹಂಡೆ ನೀರಿಗೆ, ಕಾಳು ಬೇಯಿಸಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಉರಿ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ, ಹತ್ತಿಸುವಾಗ ಹೊಗೆ ದಟ್ಟ. ಒಳಗೆ ಬೇಡವೇ ಬೇಡ.

ಕೊಳವೆ ಇರುವ ಕಟ್ಟಿದ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಗಳನ್ನು ಹುಡುಕುವುದು ಅದರ ಕೆಲಸ. ಮದ್ದೂರಿನಿಂದ ದೂರವಲ್ಲದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಸಾಲಾಗಿ ಕೂರುತ್ತವೆ, ಕೆಳಗೆ ಜಾಲರಿ, ಕೊನೆಗೆ ಹೊಗೆ ಕೊಳವೆ. ಮೊದಲ ಪಾತ್ರೆಗೆ ತಾಗಿದ ಉರಿಯ ಉಳಿದ ಬಿಸಿ ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗುತ್ತದೆ. ಮುದ್ದೆ ಎಸರು ಮುಂದೆ, ಸಾರು ನಡುವೆ, ನೀರು ಹಿಂದೆ. ನಮ್ಮ ಅಡುಗೆಗೆ ಇದಕ್ಕಿಂತ ಹೊಂದುವ ಜೋಡಣೆ ಇಲ್ಲ.

ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 1980ರ ದಶಕದಿಂದ 2002ರವರೆಗೆ ನಡೆಯಿತು. ಆಗ ಹಾಕಿಸಿದ ಎಷ್ಟೋ ಒಲೆಗಳು ಉಳಿಯಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡಿತು, ಯಾರೂ ತೆಗೆಯಲಿಲ್ಲ, ಹೊಗೆ ಒಳಗೇ ತಿರುಗಿತು, ಜನ ಒಲೆ ಒಡೆದರು. ಹಾಗಾಗಿ ಇದನ್ನು ಹಾಕಿಸುವವರು ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಒಂದು ಕಿಂಡಿ ಬಿಡಿಸಿ, ತಿಂಗಳಿಗೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸಿ. ಅದು ಆಗುವುದಿಲ್ಲ ಎನ್ನುವವರು ಹಾಕಿಸಲೇಬೇಡಿ.

ಕೊಳವೆ ನಾಲ್ಕು ಅಂಗುಲ ಅಗಲದ್ದು ಸಾಕು. ಸೂರಿನಿಂದ ಎರಡು ಮೂರು ಅಡಿಯಾದರೂ ಮೇಲೆ ಇರಲಿ, ಮಳೆ ಬೀಳದಂತೆ ಟೋಪಿ ಇರಲಿ. ಹಿಂದೆ ಕಲ್ನಾರಿನ ಪೈಪ್ ಹಾಕುತ್ತಿದ್ದರು. ಅದನ್ನು ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಜಿಐ ತಗಡಿನ ಕೊಳವೆ ತಗೊಳ್ಳಿ. ಗರಿ, ಹುಲ್ಲಿನ ಮಾಡಿದ್ದರೆ ಕೊಳವೆಯನ್ನು ಗೋಡೆಯ ಹೊರಗೆ ತಿರುಗಿಸಿ ದೂರಕ್ಕೆ ಒಯ್ಯಿರಿ. ಕಿಡಿ ಸಾಕು, ಮಾಡು ಹತ್ತಿಕೊಳ್ಳಲು.

ಖರ್ಚಿನ ವಿಷಯ: ಇಟ್ಟಿಗೆ, ಮಣ್ಣು ನಿಮ್ಮದೇ ಆದರೆ ದುಡ್ಡು ಹೋಗುವುದು ಜಾಲರಿ, ಕೊಳವೆ, ಗಾರೆಯವರ ಒಂದು ದಿನದ ಕೂಲಿಗೆ ಮಾತ್ರ. ಮೂರು ಪಾತ್ರೆ ಬೇಡ, ಎರಡು ಸಾಕು ಎಂದರೆ ಇನ್ನೂ ಇಳಿಯುತ್ತದೆ. ನೀವು ಸ್ಟೀಲ್ ಒಲೆಗೆ ಎತ್ತಿಟ್ಟ ದುಡ್ಡಿಗೆ ಹತ್ತಿರ ಹತ್ತಿರ ಬರುತ್ತದೆ. ಅದಕ್ಕೇ ಮನೆಯೊಳಗೆ ಅಡುಗೆ ಮಾಡುವ ಸ್ವಂತ ಮನೆಯವರಿಗೆ ಇದನ್ನೇ ಹೇಳುತ್ತೇನೆ.

ಯಾರಿಗೆ ಯಾವುದು

ಹಳ್ಳಿಯಲ್ಲಿ ಸ್ವಂತ ಮನೆ, ನಾಲ್ಕೈದು ಜನ, ದಿನಾ ಮುದ್ದೆ, ಒಳಗೇ ಅಡುಗೆ: ಕೊಳವೆಯ ಎರಡು ಪಾತ್ರೆ ಒಲೆ. ಒಂದೇ ಸಲ ದುಡ್ಡು ಹೊಂದದಿದ್ದರೆ ಈ ತಿಂಗಳು ಜಾಲರಿ ಹಾಕಿ ಮಣ್ಣಿನ ಒಲೆ ಕಟ್ಟಿ, ಹಿಂಬದಿಯಲ್ಲಿ ಕೊಳವೆಗೆ ಜಾಗ ಬಿಟ್ಟು ಮುಚ್ಚಿಡಿ. ಕೊಳವೆ ಕೂರುವವರೆಗೆ, ಹೆಂಚಿನ ಮನೆಯಾದರೆ ಕಿಟಕಿ, ಬಾಗಿಲು ತೆರೆದೇ ಉರಿ ಹಾಕಿ, ತಾರಸಿ ಮನೆಯಾದರೆ ಹಿತ್ತಲಲ್ಲೇ ಅಡುಗೆ ಮಾಡಿ. ಸುಗ್ಗಿ ದುಡ್ಡು ಬಂದಾಗ ಕೊಳವೆ ಕೂರಿಸಿ.

ತೋಟದ ಮನೆ, ವಾರಕ್ಕೆ ಎರಡು ದಿನ ಮಾತ್ರ ವಾಸ: ಇಟ್ಟಿಗೆಯ ರಾಕೆಟ್ ಒಲೆ ಹೊರಗೆ ಸಾಕು. ಮೇಲೊಂದು ಶೀಟು ಹಾಕಿ.

ಮೈಸೂರಿನ ಬಾಡಿಗೆ ಮನೆ: ಮೊದಲು ಮಾಲೀಕರನ್ನು ಕೇಳಿ. ಅಂಗಳವೋ ಹಿತ್ತಲೋ ಇದ್ದರೆ ಐಎಸ್ 13152 ಗುರುತಿನ ಸ್ಟೀಲ್ ಒಲೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಸೌದೆ ಒಲೆ ಬೇಡ. ನಿಮ್ಮ ಹೊಗೆ ಮೇಲಿನ ಮನೆಯ ಮಗುವಿನ ಕೋಣೆಗೆ ಹೋಗುತ್ತದೆ.

ಸ್ನಾನದ ನೀರಿಗೆ ಮಾತ್ರ: ಹೊಟ್ಟು ಹತ್ತಿರದಲ್ಲಿ ಸಿಕ್ಕರೆ ಹೊಟ್ಟಿನ ಒಲೆ. ತೆಂಗಿನ ತೋಟ ಇದ್ದರೆ ಬಚ್ಚಲ ಹೊರಗೋಡೆಗೆ ಅಂಟಿಸಿ ಅಗಲ ಬಾಯಿಯ ಹಂಡೆ ಒಲೆ ಕಟ್ಟಿಸಿ, ಬಾಯಿ ಹೊರಗಿರಲಿ. ಗರಿ, ಮಟ್ಟೆ, ಚಿಪ್ಪು ಎಲ್ಲ ಅಲ್ಲೇ ಖರ್ಚಾಗುತ್ತದೆ, ಅಡುಗೆ ಒಲೆಗೆ ಒಳ್ಳೆ ಸೌದೆ ಉಳಿಯುತ್ತದೆ.

ಕಟ್ಟಿಸುವುದು ಯಾವುದೇ ಇರಲಿ, ಮಳೆಗಾಲ ಬಿಟ್ಟು ಕಟ್ಟಿಸಿ. ಮಣ್ಣಿನ ಒಲೆ ನೆರಳಲ್ಲಿ ಎರಡು ಮೂರು ವಾರ ಒಣಗಬೇಕು. ಅವಸರಕ್ಕೆ ಮೊದಲ ದಿನವೇ ಜೋರು ಉರಿ ಹಾಕಿದರೆ ಒಳಗಿನ ತೇವ ಆವಿಯಾಗಿ ಮೈ ಸೀಳುತ್ತದೆ. ಮೊದಲು ಕೆಲವು ದಿನ ಪುಳ್ಳೆ ಹಾಕಿ ಸಣ್ಣ ಉರಿ, ಆಮೇಲೆ ನೀರು ಕಾಯಿಸಿ, ಕೊನೆಗೆ ಮುದ್ದೆ ಪಾತ್ರೆ ಇಡಿ.